ಒಂದು ಉಪಗ್ರಹಕ್ಕೆ ಆಗದ ಕೆಲಸ

ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ನಾನು ಆಟದ ಮೂಲಕ ವಿಜ್ಞಾನ ಹೇಳಿಕೊಡುತ್ತೇನೆ. ಅದರಲ್ಲಿ ನನಗೆ ತುಂಬಾ ಇಷ್ಟವಾದ ಪಾಠ ಉಪಗ್ರಹಗಳ ಗುಂಪಿನದು. ಎರಡೋ, ನಾಲ್ಕೋ, ಇಪ್ಪತ್ತನಾಲ್ಕೋ ಉಪಗ್ರಹಗಳು ಸೇರಿ ಒಂದೇ ಕೆಲಸ ಹೇಗೆ ಮಾಡುತ್ತವೆ ಅನ್ನುವುದು. "ದೊಡ್ಡವರಿಗೇ ಅರ್ಥ ಆಗೋದು ಕಷ್ಟ, ಇಷ್ಟು ಚಿಕ್ಕವರಿಗೆ ಹೇಗೆ ಹೇಳ್ತೀರಿ?" ಅಂತ ಜೊತೆಯ ಶಿಕ್ಷಕರು ಕೇಳುತ್ತಾರೆ. ನಾನು ಮಾತಾಡುವುದು ಕಮ್ಮಿ, ಮಕ್ಕಳು ಓಡಾಡುವುದು ಜಾಸ್ತಿ. ಬೇಕಾಗುವುದು ಒಂದು ಬಯಲು, ಸೀಮೆಸುಣ್ಣ, ಹಗ್ಗ, ನಾಲ್ಕು ಟಾರ್ಚ್, ಒಂದು ದೊಡ್ಡ ಚೆಂಡು, ಉದ್ದನೆಯ ಎಲಾಸ್ಟಿಕ್ ಪಟ್ಟಿ.

"ಆಕಾಶದಲ್ಲಿ ಸಾವಿರಾರು ಉಪಗ್ರಹಗಳಿವೆ, ಗೊತ್ತಾ?" ಅಂತ ನಾನು ಶುರು ಮಾಡುವುದಿಲ್ಲ. ಆರು ವರ್ಷದ ಮಗುವಿಗೆ ಸಾವಿರವೂ ಒಂದೇ, ಲಕ್ಷವೂ ಒಂದೇ. ಕಣ್ಣರಳಿಸಿ "ಓ" ಅನ್ನುತ್ತದೆ, ಅಷ್ಟೇ. ತುಂಬಾ ಇವೆ ಅನ್ನುವುದು ಬೇರೆ, ಸೇರಿ ಕೆಲಸ ಮಾಡುತ್ತಿವೆ ಅನ್ನುವುದು ಬೇರೆ. ಈ ಎರಡನೆಯದು ಮಗುವಿಗೆ ಹೊಳೆಯಬೇಕಾದರೆ, ಒಂದರಿಂದ ಆಗದ ಕೆಲಸ ಮೊದಲು ಅದರ ಕೈಗೆ ಸಿಗಬೇಕು.

ಹಾಗಾಗಿ ಪೆನ್ನಿನ ಕ್ಯಾಪಿನಿಂದ ಶುರು ಮಾಡುತ್ತೇನೆ. ಮಕ್ಕಳು ಇಬ್ಬಿಬ್ಬರಾಗಿ ನಿಲ್ಲುತ್ತಾರೆ. ಒಬ್ಬರು ಪೆನ್ನನ್ನು ನೆಟ್ಟಗೆ ಹಿಡಿಯಬೇಕು. ಇನ್ನೊಬ್ಬರು ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಒಂದೇ ಸಲಕ್ಕೆ ಕ್ಯಾಪ್ ಹಾಕಬೇಕು. ಕ್ಯಾಪ್ ಪೆನ್ನಿನ ಮುಂದೆಯೋ ಹಿಂದೆಯೋ ಹೋಗುತ್ತದೆ. ಎರಡೂ ಕಣ್ಣು ತೆರೆದರೆ ಸರಿಯಾಗಿ ಕೂರುತ್ತದೆ. ಆಗ ಕೇಳುತ್ತೇನೆ: ಬಲಗಣ್ಣು ಚೆನ್ನಾಗಿದೆ ಅಲ್ವಾ? ಎಡಗಣ್ಣೂ ಚೆನ್ನಾಗಿದೆ ಅಲ್ವಾ? ಮತ್ತೆ ಒಂದೊಂದೇ ಇದ್ದಾಗ ಯಾಕೆ ದೂರ ಗೊತ್ತಾಗಲಿಲ್ಲ? ಎರಡು ಕಣ್ಣುಗಳ ನಡುವೆ ಸ್ವಲ್ಪ ಜಾಗ ಇದೆ. ಅದಕ್ಕೇ ಎರಡೂ ಕಣ್ಣಿಗೆ ಸ್ವಲ್ಪ ಬೇರೆ ಬೇರೆ ಕಾಣುತ್ತದೆ, ಆ ವ್ಯತ್ಯಾಸದಿಂದಲೇ ದೂರ ತಿಳಿಯುತ್ತದೆ. ಉಪಗ್ರಹಗಳಲ್ಲೂ ನಡುವಿನ ಜಾಗವೇ ಒಂದು ಸಾಧನ ಅನ್ನುವುದು ನಾನು ಈ ಮಕ್ಕಳಿಗೆ ದಾಟಿಸಬೇಕು ಅಂದುಕೊಂಡಿರುವ ಒಂದೇ ಮಾತು. ಉಳಿದ ಆಟಗಳೆಲ್ಲ ಅದಕ್ಕಾಗಿಯೇ.

ಬಯಲಿಗೆ ಹೋಗುವ ಮೊದಲು ಒಂದು ನಿಯಮ ಹೇಳುತ್ತೇನೆ: ಉಪಗ್ರಹ ನಿಲ್ಲೋ ಹಾಗಿಲ್ಲ. ಮಕ್ಕಳ ಮನಸ್ಸಿನಲ್ಲಿ ಉಪಗ್ರಹ ಬೇಕಾದ ಕಡೆ ಹೋಗುತ್ತದೆ, ಬೇಕಾದಾಗ ನಿಲ್ಲುತ್ತದೆ. ಇದನ್ನು ಮೊದಲೇ ಸರಿ ಮಾಡದಿದ್ದರೆ ಮುಂದಿನದು ಯಾವುದೂ ತಲೆಯಲ್ಲಿ ಕೂರುವುದಿಲ್ಲ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಓಡುತ್ತದೆ. ಭೂಮಿಯನ್ನು ಒಂದು ಸುತ್ತು ಹಾಕಲು ಒಂದೂವರೆ ಗಂಟೆ ಚಿಲ್ಲರೆ ಸಾಕು. ಆ ವೇಗ ಇರುವುದರಿಂದಲೇ ಅದು ಬೀಳುತ್ತಾ ಇದ್ದರೂ ನೆಲಕ್ಕೆ ತಾಗದೆ ಸುತ್ತುತ್ತದೆ.

ಸೀಮೆಸುಣ್ಣದಲ್ಲಿ ಒಂದರೊಳಗೊಂದು ಮೂರು ವೃತ್ತ ಬರೆಯುತ್ತೇನೆ. ಒಳಗಿನ ವೃತ್ತದವರು ಬಿರಬಿರನೆ ನಡೆಯಬೇಕು, ನಡುವಿನವರು ಮಾಮೂಲಿ, ಹೊರಗಿನವರು ನಿಧಾನ. ಒಂದೇ ವೃತ್ತದಲ್ಲಿ ಒಬ್ಬಳು ಮುಂದೆ, ಇನ್ನೊಬ್ಬ ಹಿಂದೆ. ಹಿಂದಿನವನು ಮುಂದಿನವಳನ್ನು ಹಿಡಿಯಬೇಕು. ಏನು ಮಾಡ್ತೀಯಾ? "ಜೋರಾಗಿ ಓಡ್ತೀನಿ!" ಸರಿ, ಮುಂದಕ್ಕೆ ಜೋರು ಕೊಟ್ಟರೆ ಉಪಗ್ರಹ ಮೇಲಕ್ಕೆ, ಅಂದರೆ ಹೊರಗಿನ ವೃತ್ತಕ್ಕೆ ಹೋಗಿಬಿಡುತ್ತದೆ. ಅಲ್ಲಿ ದಾರಿ ಉದ್ದ, ನಡಿಗೆ ನಿಧಾನ. ಹುಡುಗ ಇನ್ನೂ ಹಿಂದೆ ಬೀಳುತ್ತಾನೆ. ಹಿಡಿಯಬೇಕಾದರೆ ಬ್ರೇಕ್ ಹಾಕಿ ಒಳಗಿನ ವೃತ್ತಕ್ಕೆ ಇಳಿಯಬೇಕು, ಅಲ್ಲಿ ಬೇಗ ಬೇಗ ಸುತ್ತಿ ಮುಂದೆ ಹೋಗಿ, ಆಮೇಲೆ ಮೇಲಕ್ಕೆ ಹತ್ತಬೇಕು. ದೊಡ್ಡವರು ಇದನ್ನು ಒಪ್ಪಲು ತಕರಾರು ಮಾಡುತ್ತಾರೆ. ಮಕ್ಕಳು ಇದು ಆಟದ ರೂಲು ಅಂತ ಸುಮ್ನೆ ಒಪ್ಪಿಕೊಂಡು ಆಡಿಬಿಡುತ್ತಾರೆ. ಗುಂಪಿನಲ್ಲಿ ಜೊತೆಯಾಗಿ ಹಾರುವುದು ಯಾಕೆ ಕಷ್ಟ ಅನ್ನುವುದು ಕಾಲಿಗೇ ಗೊತ್ತಾಗುತ್ತದೆ.

ಇದೇ ವೃತ್ತಗಳ ಮೇಲೆ ಡವ್ ಅನ್ನುವ ಪುಟ್ಟ ಉಪಗ್ರಹಗಳ ಕಥೆ ಹೇಳುತ್ತೇನೆ. 2017ರ ಫೆಬ್ರವರಿ 15ರಂದು ಒಂದೇ ಪಿಎಸ್‌ಎಲ್‌ವಿ ರಾಕೆಟ್‌ನಲ್ಲಿ 104 ಉಪಗ್ರಹಗಳು ಹೋದವಲ್ಲ, ಅದರಲ್ಲಿ 88 ಇವೇ. ಒಂದೊಂದೂ ಸುಮಾರು ಐದು ಕೆಜಿ. ರಾಕೆಟ್ ಬಿಟ್ಟಾಗ ಎಲ್ಲ ಒಂದೇ ಕಡೆ ಇರುತ್ತವೆ. ಭೂಮಿಯ ಫೋಟೋ ತೆಗೆಯಬೇಕಾದರೆ ಸಾಲಾಗಿ ಹರಡಿಕೊಳ್ಳಬೇಕು. ಅಷ್ಟು ಎತ್ತರದಲ್ಲೂ ತೆಳ್ಳಗೆ ಗಾಳಿ ಇದೆ. ಕೆಲವು ತಮ್ಮ ಅಗಲದ ಬದಿಯನ್ನು ಗಾಳಿಗೆ ಒಡ್ಡುತ್ತವೆ, ಕೆಲವು ಸಪೂರ ಬದಿಯನ್ನು. ಅಗಲ ಒಡ್ಡಿದ್ದು ಸ್ವಲ್ಪ ಕೆಳಗಿಳಿಯುತ್ತದೆ. ಕೆಳಗಿಳಿದದ್ದು ಬೇಗ ಸುತ್ತಿ ಮುಂದೆ ಹೋಗುತ್ತದೆ. ಮಕ್ಕಳು ರಟ್ಟಿನ ಹಲಗೆಗಳನ್ನು ಅಡ್ಡ, ಉದ್ದ ತಿರುಗಿಸಿ ಹಿಡಿದು ಇದನ್ನು ಆಡುತ್ತಾರೆ. ಗಾಳಿಯ ತಡೆಯನ್ನೇ ಸ್ಟಿಯರಿಂಗ್ ಮಾಡಿಕೊಂಡಿದ್ದಾರೆ ಅಂತ ಹೇಳುವಾಗ ಪ್ರತಿ ಸಲವೂ ನನಗೇ ಖುಷಿಯಾಗುತ್ತದೆ.

ಟಾರ್ಚ್ ಆಟಕ್ಕೆ ಕತ್ತಲ ಕೋಣೆ ಬೇಕು. ಚೆಂಡು ಭೂಮಿ, ಟಾರ್ಚ್ ಉಪಗ್ರಹ, ಬೆಳಕು ಬಿದ್ದ ಕಡೆಯಲ್ಲೆಲ್ಲ ಆ ಉಪಗ್ರಹ ಕಾಣುತ್ತದೆ. ಇಡೀ ಚೆಂಡು ಬೆಳಗಬೇಕಾದರೆ ಎಷ್ಟು ಟಾರ್ಚ್ ಬೇಕು? ಹೆಚ್ಚಿನವರು ಎರಡು ಅನ್ನುತ್ತಾರೆ. ಆಚೆಗೊಂದು ಈಚೆಗೊಂದು ಹಿಡಿದರೆ ನಡುವೆ ಬಳೆಯ ಹಾಗೆ ಕತ್ತಲು ಉಳಿಯುತ್ತದೆ. ಮೂರು ಟಾರ್ಚ್ ಸುತ್ತಲೂ ಹಿಡಿದರೆ ನೆತ್ತಿ ಮತ್ತು ಬುಡ ಕತ್ತಲು. ಮೂವರೂ ಸ್ವಲ್ಪ ಕೆಳಗೆ ಬಂದು, ನಾಲ್ಕನೆಯವರು ಮೇಲಿನಿಂದ ಹಿಡಿದಾಗ ಪೂರ್ತಿ ಬೆಳಗುತ್ತದೆ. ನಿಜವಾಗಿಯೂ ಹಾಗೇ ಇದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಧ್ಯರೇಖೆಯ ಮೇಲೆ ಮೂರು ಉಪಗ್ರಹ ಇಟ್ಟರೆ ಬಹುತೇಕ ಭೂಮಿ ಕಾಣುತ್ತದೆ, ಧ್ರುವಗಳ ಹತ್ತಿರದ ಜಾಗ ಮಾತ್ರ ಕಾಣುವುದಿಲ್ಲ.

ಆಮೇಲೆ ಟಾರ್ಚನ್ನು ಚೆಂಡಿನ ಹತ್ತಿರ ತರುತ್ತೇವೆ. ಬೆಳಕಿನ ವೃತ್ತ ಪುಟ್ಟದಾಗುತ್ತದೆ. ಈಗ ನಾಲ್ಕು ಸಾಕಾ? ಸಾಲುವುದಿಲ್ಲ. ಇರಿಡಿಯಂ ಅನ್ನುವ ಫೋನ್ ಉಪಗ್ರಹಗಳು ಸುಮಾರು 780 ಕಿಲೋಮೀಟರ್ ಎತ್ತರದಲ್ಲಿವೆ, ಅದಕ್ಕೇ ಭೂಮಿ ಪೂರ್ತಿ ಮುಟ್ಟಲು 66 ಬೇಕಾದವು. ಒಮ್ಮೆ ಒಂದು ಹುಡುಗಿ ಕೇಳಿದಳು, "ಹಾಗಾದ್ರೆ ಎಲ್ಲಾನೂ ದೂರದಲ್ಲೇ ಇಡಬಹುದಲ್ವಾ ಮಿಸ್?" ಉತ್ತರವನ್ನು ಪಕ್ಕದ ಹುಡುಗನೇ ಕೊಟ್ಟ: "ದೂರ ಹೋದ್ರೆ ಲೈಟ್ ಡಲ್ ಆಗುತ್ತೆ ಕಣೇ." ಅದೇ ಸರಿಯಾದ ಉತ್ತರ. ಅದರ ಜೊತೆಗೆ, 36,000 ಕಿಲೋಮೀಟರ್ ಮೇಲೆ ಹೋಗಿ ಕೆಳಗೆ ಬರಲು ಮಾತಿಗೆ ಸುಮಾರು ಕಾಲು ಸೆಕೆಂಡ್ ಹಿಡಿಯುತ್ತದೆ ಅಂತ ನಾನು ಸೇರಿಸಿದೆ.

ಜಿಪಿಎಸ್ ಆಟ ಎಲ್ಲರಿಗೂ ಗೊತ್ತಿರುವಂಥದ್ದೇ. ಒಂದು ಮಗು ಗೊಂಬೆಯನ್ನು ಮನಸ್ಸಿನಲ್ಲೇ ಒಂದು ಜಾಗದಲ್ಲಿ "ಬಚ್ಚಿಡುತ್ತದೆ". ಮೂವರು ಉಪಗ್ರಹಗಳಿಗೆ ಅವರವರಿಂದ ಗೊಂಬೆ ಎಷ್ಟು ದೂರ ಅನ್ನುವಷ್ಟು ಉದ್ದದ ಹಗ್ಗ ಕೊಡುತ್ತೇವೆ. ಒಬ್ಬರು ಹಗ್ಗ ಎಳೆದು ವೃತ್ತ ಬರೆದರೆ ಗೊಂಬೆ ಆ ಗೆರೆಯ ಮೇಲೆ ಎಲ್ಲಿ ಬೇಕಾದರೂ ಇರಬಹುದು. ಎರಡನೇ ವೃತ್ತ ಬಂದಾಗ ಎರಡು ಜಾಗ ಉಳಿಯುತ್ತದೆ. ಮೂರನೆಯದು ಬಂದಾಗ ಒಂದೇ. ಜಿಪಿಎಸ್‌ನಲ್ಲಿ ಕನಿಷ್ಠ 24 ಉಪಗ್ರಹಗಳು, ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ಆರು ದಾರಿಗಳಲ್ಲಿ ಸುತ್ತುತ್ತವೆ. ಎಲ್ಲಿ ನಿಂತರೂ ಕಡಿಮೆ ಅಂದರೆ ನಾಲ್ಕು ಕಾಣಲಿ ಅಂತ ಹಾಗೆ ಹರಡಿದ್ದಾರೆ. ಮೂರು ಸಾಕಾಗಿದ್ದರೆ ನಾಲ್ಕನೆಯದು ಯಾಕೆ? ಇದನ್ನು ಎಂಟು ದಾಟಿದವರಿಗೆ ಮಾತ್ರ ಹೇಳುತ್ತೇನೆ. ಉಪಗ್ರಹದ ಸಂಕೇತ ಫೋನಿಗೆ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರದಿಂದ ನೋಡಿ ದೂರ ಅಳೆಯುತ್ತಾರೆ. ಉಪಗ್ರಹದ ಗಡಿಯಾರ ಪರಮಾಣು ಗಡಿಯಾರ, ಫೋನಿನದು ಸಾಮಾನ್ಯದ್ದು. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಆ ತಪ್ಪನ್ನು ಹಿಡಿಯಲು ನಾಲ್ಕನೆಯದು ಬೇಕು.

ಇಲ್ಲಿ ಒಂದು ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಉಪಗ್ರಹಕ್ಕೆ ಕಣ್ಣು ಬಾಯಿ ಬರೆಯುವುದಿಲ್ಲ. ಬರೆದರೆ ಎಲ್ಲ ಉಪಗ್ರಹಗಳೂ ಕೂತು ಹರಟೆ ಹೊಡೆಯುತ್ತವೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಅದರ ಬದಲು ಪ್ರತಿ ಗುಂಪಿನ ಬಗ್ಗೆಯೂ "ಇದು ಯಾರ ಜೊತೆ ಮಾತಾಡುತ್ತೆ?" ಅಂತ ಕೇಳುತ್ತೇನೆ. ನಿಮ್ಮ ಜಾಗ ಹುಡುಕಿಕೊಡಲು ಜಿಪಿಎಸ್ ಉಪಗ್ರಹಗಳು ಒಂದಕ್ಕೊಂದು ಮಾತಾಡಬೇಕಾಗಿಲ್ಲ. ಎಲ್ಲವೂ ತಮ್ಮ ಸಮಯ ಕೂಗುತ್ತಾ ಹೋಗುತ್ತವೆ, ಫೋನು ಕೇಳಿಸಿಕೊಂಡು ಲೆಕ್ಕ ಹಾಕುತ್ತದೆ. ಫೋನು ಅವುಗಳಿಗೆ ಏನನ್ನೂ ಕಳಿಸುವುದಿಲ್ಲ ಅಂದಾಗ ಜೊತೆಗೆ ಬಂದ ಅಪ್ಪ ಅಮ್ಮಂದಿರೂ ಆಶ್ಚರ್ಯಪಡುತ್ತಾರೆ. ಇರಿಡಿಯಂ ಹಾಗಲ್ಲ. ಅಲ್ಲಿ ಒಂದೊಂದೂ ಅಕ್ಕಪಕ್ಕದ ನಾಲ್ಕು ಉಪಗ್ರಹಗಳ ಜೊತೆ ಮಾತಾಡಿ, ಕರೆಯನ್ನು ಕೈಯಿಂದ ಕೈಗೆ ದಾಟಿಸುತ್ತವೆ.

ಈಗ ನನ್ನ ಅಚ್ಚುಮೆಚ್ಚಿನ ಆಟ. ಸಮಯ ಕಡಿಮೆ ಇದ್ದರೆ ಉಳಿದದ್ದೆಲ್ಲ ಬಿಟ್ಟು ಇದೊಂದನ್ನೇ ಆಡಿಸುತ್ತೇನೆ.

ಗ್ರೇಸ್ ಅನ್ನುವ ಜೋಡಿ ಉಪಗ್ರಹಗಳನ್ನು ಅಮೆರಿಕ ಮತ್ತು ಜರ್ಮನಿ ಸೇರಿ 2002ರ ಮಾರ್ಚ್‌ನಲ್ಲಿ ಹಾರಿಸಿದವು. ಒಂದು ಮುಂದೆ, ಒಂದು ಹಿಂದೆ, ನಡುವೆ ಸುಮಾರು 220 ಕಿಲೋಮೀಟರ್. ಭೂಮಿಯ ಫೋಟೋ ತೆಗೆಯುವುದು ಅವುಗಳ ಕೆಲಸ ಆಗಿರಲಿಲ್ಲ. ನಡುವಿನ ದೂರವನ್ನು ಅಳೆಯುತ್ತಾ ಇದ್ದವು, ಹಗಲೂ ರಾತ್ರಿ. ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ ವ್ಯತ್ಯಾಸ ಆದರೂ ಅವುಗಳಿಗೆ ಗೊತ್ತಾಗುತ್ತಿತ್ತು.

ಆಟ ಹೀಗೆ. ಇಬ್ಬರು ಮಕ್ಕಳು ಎಲಾಸ್ಟಿಕ್ ಪಟ್ಟಿಯ ಎರಡು ತುದಿ ಹಿಡಿದು ಒಬ್ಬರ ಹಿಂದೆ ಒಬ್ಬರು ನಡೆಯುತ್ತಾರೆ. ಪಟ್ಟಿಗೆ ಗೇಣಿಗೊಂದರಂತೆ ಬಣ್ಣದ ದಾರ ಕಟ್ಟಿರುತ್ತೇನೆ, ಹಿಗ್ಗಿದರೆ ದಾರಗಳು ದೂರವಾಗುವುದು ಎಲ್ಲರಿಗೂ ಕಾಣಲಿ ಅಂತ. ದಾರಿಯಲ್ಲಿ ಒಂದು ಕಡೆ "ಭಾರದ ಜಾಗ" ಇದೆ. ಅದು ಎಲ್ಲಿ ಅಂತ ಆ ಇಬ್ಬರ ಕಿವಿಯಲ್ಲಿ ಮಾತ್ರ ಹೇಳುತ್ತೇನೆ. ನೆಲದ ಮೇಲೆ ಗುರುತು ಇಲ್ಲ. ರೂಲು ಇಷ್ಟೇ: ಭಾರದ ಜಾಗ ಹತ್ತಿರ ಬರುತ್ತಿದ್ದರೆ ಅದು ನಿಮ್ಮನ್ನು ಎಳೆಯುತ್ತದೆ, ಬೇಗ ಬೇಗ ಹೆಜ್ಜೆ ಹಾಕಿ. ದಾಟಿದ ಮೇಲೆ ಅದು ಹಿಂದಕ್ಕೆ ಎಳೆಯುತ್ತದೆ, ನಿಧಾನ ಆಗಿ. ದೂರ ಹೋದ ಮೇಲೆ ಮಾಮೂಲಿ ನಡಿಗೆ.

ಉಳಿದ ಮಕ್ಕಳೆಲ್ಲ ಪತ್ತೇದಾರರು. ಅವರು ಪಟ್ಟಿಯನ್ನು ಮಾತ್ರ ನೋಡಬೇಕು. ಮುಂದಿನ ಮಗು ಭಾರದ ಜಾಗದ ಹತ್ತಿರ ಬಂದಾಗ ಅದರ ಹೆಜ್ಜೆ ಬೇಗವಾಗುತ್ತದೆ, ಪಟ್ಟಿ ಹಿಗ್ಗುತ್ತದೆ. "ಉದ್ದ ಆಯ್ತು!" ಅಂತ ಕೂಗು. ಅದು ದಾಟಿ ನಿಧಾನವಾದಾಗ ಹಿಂದಿನ ಮಗುವಿನ ಸರದಿ, ಅದು ಬೇಗ ಬರುತ್ತದೆ, ಪಟ್ಟಿ ಕುಗ್ಗುತ್ತದೆ. "ಗಿಡ್ಡ ಆಯ್ತು!" ಹಿಂದಿನದೂ ದಾಟಿದ ಮೇಲೆ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ಪತ್ತೇದಾರರು ಓಡಿಹೋಗಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಒಂದಿಷ್ಟು ಸಲ ಆಚೆಯಿಂದ ಈಚೆಯಿಂದ ನಡೆದ ಮೇಲೆ ಗುರುತುಗಳು ಒಂದೇ ಕಡೆ ಸೇರಲು ಶುರುವಾಗುತ್ತವೆ. ಆಗ ಜಾಗ ತೋರಿಸುತ್ತೇನೆ. ಒಂದು ಸಲ ಏಳು ವರ್ಷದ ಹುಡುಗಿ ನನ್ನ ಕೈ ಎಳೆದು ಹೇಳಿದಳು, "ಮಿಸ್, ಅವ್ರು ಕೆಳಗೆ ನೋಡ್ಲೇ ಇಲ್ಲ!" ಈ ಪಾಠದಲ್ಲಿ ನಾನು ಕಾಯುವುದೇ ಈ ಮಾತಿಗೆ. ನೆಲವನ್ನು ನೋಡದೆ, ಒಬ್ಬರಿಗೊಬ್ಬರ ದೂರ ಮಾತ್ರ ನೋಡಿಕೊಂಡು, ನೆಲದಲ್ಲಿ ಏನಿದೆ ಅಂತ ಹೇಳಿದರು.

ಇದಾದ ಮೇಲೆ ಇನ್ನೊಂದು ಹೆಜ್ಜೆ ಇದೆ. ಭಾರದ ಜಾಗದಲ್ಲಿ ನೀರಿದೆ, ಮುಂದಿನ ತಿಂಗಳು ನೀರು ಕಮ್ಮಿ ಆಯ್ತು ಅಂತ ನಡೆಯುವವರ ಕಿವಿಯಲ್ಲಿ ಹೇಳುತ್ತೇನೆ. ಈಗ ಅವರು ಸ್ವಲ್ಪವೇ ಬೇಗ ನಡೆಯುತ್ತಾರೆ. ಪಟ್ಟಿ ಕಡಿಮೆ ಹಿಗ್ಗುತ್ತದೆ. ಭಾರ ಕಮ್ಮಿಯಾಗಿದೆ ಅನ್ನುವುದನ್ನು ಪತ್ತೇದಾರರೇ ಕಂಡುಹಿಡಿಯುತ್ತಾರೆ. ಗ್ರೇಸ್ ಹೀಗೇ ಪ್ರತಿ ತಿಂಗಳ ನಕ್ಷೆ ಕೊಡುತ್ತಿತ್ತು. ಗ್ರೀನ್‌ಲ್ಯಾಂಡ್‌ನ ಹಿಮ ಕಡಿಮೆಯಾಗುತ್ತಿರುವುದು, ಉತ್ತರ ಭಾರತದಲ್ಲಿ ನೆಲದಡಿಯ ನೀರು ಇಳಿಯುತ್ತಿರುವುದು ಈ ಜೋಡಿಯಿಂದ ತಿಳಿಯಿತು. ಬಾವಿಯ ತಳದ ನೀರನ್ನು ಆಕಾಶದಿಂದ ಯಾವ ಕ್ಯಾಮೆರಾವೂ ನೋಡಲಾರದು. ಅವು 2017ರವರೆಗೆ ಕೆಲಸ ಮಾಡಿದವು. 2018ರ ಮೇ ತಿಂಗಳಲ್ಲಿ ಅದೇ ಕೆಲಸಕ್ಕೆ ಇನ್ನೊಂದು ಜೋಡಿ ಹೋಯಿತು.

ಪ್ರೋಬಾ-3 ಅನ್ನುವ ಇನ್ನೊಂದು ಜೋಡಿ ಉಪಗ್ರಹಗಳ ಆಟ ಆಡಿಸುವಾಗ ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಇದರಲ್ಲಿ ಸೂರ್ಯನ ವಿಷಯ ಬರುತ್ತದೆ, ಆದರೆ ಮಕ್ಕಳು ಸೂರ್ಯನನ್ನು ಯಾವ ಕಾರಣಕ್ಕೂ ನೋಡಬಾರದು. ಕೋಣೆಯೊಳಗೆ ಕಣ್ಣಿಗೆ ಚುಚ್ಚದ ಮಂದ ಬಲ್ಬ್ ಇಟ್ಟುಕೊಳ್ಳುತ್ತೇನೆ. ಒಂದು ಮಗು ಒಂದು ಕಣ್ಣು ಮುಚ್ಚಿ ನಿಲ್ಲುತ್ತದೆ. ಇನ್ನೊಂದು ಮಗು ದುಂಡಗಿನ ರಟ್ಟು ಹಿಡಿದು ಬಲ್ಬನ್ನು ಸರಿಯಾಗಿ ಮುಚ್ಚಬೇಕು. "ಸ್ವಲ್ಪ ಎಡಕ್ಕೆ, ಇಲ್ಲ ಇಲ್ಲ, ಮೇಲಕ್ಕೆ" ಅಂತ ಗಲಾಟೆ. ರಟ್ಟು ಹಿಡಿದವರು ದೂರ ಹೋದಷ್ಟೂ ಕಷ್ಟ. ಈಗ ನಿಜವಾದದ್ದನ್ನು ಹೇಳುತ್ತೇನೆ: ಒಂದು ಉಪಗ್ರಹದಲ್ಲಿ 1.4 ಮೀಟರ್ ಅಗಲದ ತಟ್ಟೆ, 150 ಮೀಟರ್ ಹಿಂದೆ ಇನ್ನೊಂದರಲ್ಲಿ ಕ್ಯಾಮೆರಾ. ತಟ್ಟೆಯ ನೆರಳು ಕ್ಯಾಮೆರಾದ ಮೇಲೇ ಬೀಳಬೇಕು, ಅದಕ್ಕಾಗಿ ಎರಡೂ ಮಿಲಿಮೀಟರ್ ಲೆಕ್ಕದಲ್ಲಿ ಜಾಗ ಕಾಯ್ದುಕೊಳ್ಳುತ್ತವೆ. 2024ರ ಡಿಸೆಂಬರ್ 5ರಂದು ಯುರೋಪಿನ ಈ ಜೋಡಿಯನ್ನು ಪಿಎಸ್‌ಎಲ್‌ವಿ ಹೊತ್ತೊಯ್ದಿತು. ನಿಜವಾದ ಪೂರ್ಣ ಸೂರ್ಯಗ್ರಹಣ ಕೆಲವೇ ನಿಮಿಷ ಇರುತ್ತದೆ. ಇವು ಒಂದು ಸುತ್ತಿನಲ್ಲಿ ಆರು ಗಂಟೆಯವರೆಗೂ ಗ್ರಹಣ ಮಾಡಿಕೊಳ್ಳಬಲ್ಲವು. ಅಷ್ಟು ಹೊತ್ತು ಸೂರ್ಯನ ಸುತ್ತಲಿನ ಮಸುಕಾದ ಪ್ರಭೆ ಕಾಣುತ್ತದೆ. 150 ಮೀಟರ್ ಉದ್ದದ ಒಂದೇ ಉಪಗ್ರಹ ಕಟ್ಟಿ ರಾಕೆಟ್‌ನಲ್ಲಿ ಕಳಿಸಲು ಆಗುತ್ತದಾ ಅಂತ ಕೇಳಿದರೆ, ಯಾಕೆ ಎರಡು ಮಾಡಿದರು ಅಂತ ಮಕ್ಕಳೇ ಹೇಳುತ್ತಾರೆ.

ಕ್ಲಸ್ಟರ್ ಅನ್ನುವ ನಾಲ್ಕು ಉಪಗ್ರಹಗಳಿಗೆ ರುಂಬಾ, ಸಾಲ್ಸಾ, ಸಾಂಬಾ, ಟ್ಯಾಂಗೋ ಅಂತ ಕುಣಿತದ ಹೆಸರುಗಳಿದ್ದವು. ನಾಲ್ಕು ಮಕ್ಕಳು ಆ ಹೆಸರಿಟ್ಟುಕೊಂಡು ಕಣ್ಣು ಮುಚ್ಚಿ ದೂರ ದೂರ ನಿಲ್ಲುತ್ತಾರೆ. ನಾವಿಬ್ಬರು ಬೆಡ್‌ಶೀಟ್ ಅಡ್ಡ ಹಿಡಿದು ನಡೆದು ಬರುತ್ತೇವೆ. ತಾಗಿದವರು ಕೈ ಎತ್ತಬೇಕು. ಒಬ್ಬರೇ ಇದ್ದರೆ ತಾಗಿತು ಅಂತ ಮಾತ್ರ ಗೊತ್ತಾಗುತ್ತದೆ. ನಾಲ್ವರು ಯಾವ ಕ್ರಮದಲ್ಲಿ ಕೈ ಎತ್ತಿದರು ಅಂತ ನೋಡಿದರೆ ಬಟ್ಟೆ ಯಾವ ಕಡೆಯಿಂದ, ಎಷ್ಟು ಜೋರಾಗಿ ಬಂತು ಅನ್ನುವುದೂ ಗೊತ್ತಾಗುತ್ತದೆ. ಸೂರ್ಯನಿಂದ ಬೀಸುವ ಕಣಗಳ ಗಾಳಿಯನ್ನು ಅವು ಹೀಗೇ ಓದುತ್ತಿದ್ದವು.

ಆಟ ಮುಗಿದ ಮೇಲೆ ಪ್ರಶ್ನೆಗಳಿಗೆ ಧಾರಾಳವಾಗಿ ಸಮಯ ಇಡಿ. ಬಹುತೇಕ ಪ್ರತಿ ಸಲವೂ ಬರುವ ಪ್ರಶ್ನೆ, "ಡಿಕ್ಕಿ ಹೊಡೆಯಲ್ವಾ?" ಹೊಡೆದಿದೆ. 2009ರ ಫೆಬ್ರವರಿ 10ರಂದು ಇರಿಡಿಯಂ ಗುಂಪಿನ ಒಂದು ಉಪಗ್ರಹಕ್ಕೂ ಕೆಲಸ ನಿಲ್ಲಿಸಿದ್ದ ರಷ್ಯಾದ ಕಾಸ್ಮೋಸ್ ಉಪಗ್ರಹಕ್ಕೂ ಡಿಕ್ಕಿಯಾಗಿ ಎರಡೂ ಚೂರು ಚೂರಾದವು. ಇಂಥದ್ದನ್ನು ಮಕ್ಕಳಿಂದ ಮುಚ್ಚಿಡಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಗುಂಪು ದೊಡ್ಡದಾದಷ್ಟೂ ದಾರಿ ನೋಡಿಕೊಳ್ಳುವ ಕೆಲಸ ಜಾಸ್ತಿ ಅನ್ನುವುದು ಅವರಿಗೆ ಆಗಲೇ ತಿಳಿಯಲಿ.

"ಒಂದು ಹಾಳಾದ್ರೆ?" ಅನ್ನುವುದಕ್ಕೆ ಎರಡು ಉತ್ತರ ಇದೆ. ಜಿಪಿಎಸ್‌ನಲ್ಲಿ ಮೇಲೆ ಹೆಚ್ಚುವರಿ ಉಪಗ್ರಹಗಳು ಇರುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ಗ್ರೇಸ್‌ನಲ್ಲಿ ಒಂದು ಹೋದರೆ ಇನ್ನೊಂದು ಸರಿಯಾಗಿದ್ದರೂ ಆ ಕೆಲಸ ಮುಗಿಯಿತು. ಆಮೇಲೆ ಕ್ಲಸ್ಟರ್ ಕಥೆ ಹೇಳುತ್ತೇನೆ. ಮೊದಲು ಮಾಡಿದ ನಾಲ್ಕೂ 1996ರ ಜೂನ್ 4ರಂದು ಏರಿಯಾನ್-5 ರಾಕೆಟ್‌ನ ಮೊದಲ ಹಾರಾಟದಲ್ಲೇ, ಒಂದು ನಿಮಿಷವೂ ಆಗುವ ಮೊದಲು, ರಾಕೆಟ್ ಜೊತೆ ನಾಶವಾದವು. ಮಕ್ಕಳು ಒಂದು ಗಳಿಗೆ ಸುಮ್ಮನಾಗಿ, "ಆಮೇಲೆ?" ಅನ್ನುತ್ತಾರೆ. ಆಮೇಲೆ ಮತ್ತೆ ನಾಲ್ಕನ್ನೂ ತಯಾರು ಮಾಡಿ, 2000ದ ಜುಲೈ ಮತ್ತು ಆಗಸ್ಟ್‌ನಲ್ಲಿ ಎರಡೆರಡಾಗಿ ಕಳಿಸಿದರು. ಎರಡು ದಶಕಕ್ಕೂ ಹೆಚ್ಚು ಕಾಲ ಅವು ಕೆಲಸ ಮಾಡಿದವು.

"ಲೀಡರ್ ಯಾರು?" ಅನ್ನುವುದು ಐದು ವರ್ಷದವರ ಪ್ರಶ್ನೆ. ಹೆಚ್ಚಿನ ಗುಂಪುಗಳಿಗೆ ಭೂಮಿಯ ಮೇಲೆ ಕೂತ ಜನರೇ ದಾರಿ ಹೇಳುತ್ತಾರೆ. ಪ್ರೋಬಾ-3 ತನ್ನ ಸಾಲನ್ನು ತಾನೇ ನೋಡಿಕೊಳ್ಳುತ್ತದೆ, ಕೆಳಗಿನಿಂದ ಹೇಳಿ ಮಾಡಿಸುವಷ್ಟು ಪುರುಸೊತ್ತು ಅಲ್ಲಿ ಇರುವುದಿಲ್ಲ.

ನೀವೂ ಆಡಿಸುವುದಾದರೆ ವಯಸ್ಸು ನೋಡಿ ಆರಿಸಿಕೊಳ್ಳಿ. ಐದಾರು ವರ್ಷದವರಿಗೆ ಪೆನ್ನಿನ ಕ್ಯಾಪ್, ಟಾರ್ಚ್, ಬೆಡ್‌ಶೀಟ್ ಸಾಕು. ಹಗ್ಗ ಮತ್ತು ಮೂರು ವೃತ್ತದ ಆಟ ಏಳರ ಮೇಲೆ. ಎಲಾಸ್ಟಿಕ್ ಪಟ್ಟಿಯ ಆಟ ಎಲ್ಲರಿಗೂ ಆಗುತ್ತದೆ, ಆದರೆ ಚಿಕ್ಕವರಿಗೆ ಬೇಗ ಮತ್ತು ನಿಧಾನದ ನಡಿಗೆಯನ್ನು ಮೊದಲು ಒಂದೆರಡು ಸಲ ಪಟ್ಟಿ ಇಲ್ಲದೆ ಮಾಡಿಸಿ. ಪಟ್ಟಿ ಎರಡು ಮಾರು ಉದ್ದ ಇರಲಿ, ಮೃದುವಾಗಿರಲಿ. ತುದಿಗಳನ್ನು ಕೈಗೆ ಸುತ್ತಿಕೊಳ್ಳಲು ಬಿಡಬೇಡಿ, ಬಟ್ಟೆಯ ಕುಣಿಕೆ ಹೊಲಿದು ಕೊಡಿ.